ಮರೆವಿನ ರೇಖೆ ಮತ್ತು ನಿಂಗತ್ತೆಯ ರಾಗಿಕಲ್ಲು

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಮಿಕ್ಸಿ ಗುರ್ರೆಂದು ತಿರುಗತೊಡಗಿದರೆ ಸಾಕು, ನನ್ನ ಬಾಯಿ ತಾನಾಗಿಯೇ ಒಂದು ಪದ ಶುರುಮಾಡುತ್ತದೆ:

ಜೇಮ ಟೂಪ ಗೀಬ ಲೋಡ ನನ್ನವ್ವ,
ಬೂಜ ಮೇಪ ಡೀಣ ಕೋವ ನನ್ನವ್ವ,
ಪೂಮ ತೇಳ ಸೀಗ ಯೋಟ ನನ್ನವ್ವ.

ಹೋದ ತಿಂಗಳು ಅಡುಗೆಗೆ ಹೊಸದಾಗಿ ಸೇರಿದ ರತ್ನ ಇದನ್ನು ಮೊದಲ ಸಲ ಕೇಳಿದಾಗ ಒಲೆ ಆರಿಸಿ, ಸೆರಗು ಹೊದ್ದು, ಕೈ ಮುಗಿದು ನಿಂತುಬಿಟ್ಟಳು. ಮಿಕ್ಸಿ ನಿಂತ ಮೇಲೆ ಇದು ಯಾವ ದೇವರ ಮಂತ್ರ ಎಂದು ಕೇಳಿದಳು. ದೇವರದ್ದಲ್ಲ, ಮನಃಶಾಸ್ತ್ರದ್ದು ಎಂದೆ. ಶಾಸ್ತ್ರ ಎಂಬ ಮಾತು ಕಿವಿಗೆ ಬಿದ್ದಿದ್ದೇ ಅವಳು ಇನ್ನೊಂದು ಸಲ ಕೈ ಮುಗಿದಳು. ನಾನೂ ತಿದ್ದಲು ಹೋಗಲಿಲ್ಲ. ನಲವತ್ತು ವರ್ಷ ಆ ಶಾಸ್ತ್ರವನ್ನು ಪಾಠ ಹೇಳಿದರೂ ಅದಕ್ಕೆ ಕೈ ಮುಗಿದವರನ್ನು ನಾನು ಕಂಡದ್ದು ಇದೇ ಮೊದಲು.

ನಿಜ ಹೇಳಬೇಕೆಂದರೆ ಈ ಹನ್ನೆರಡು ಪದಗಳಿಗೆ ಯಾವ ಅರ್ಥವೂ ಇಲ್ಲ. ಅರ್ಥ ಇರಲೇಬಾರದೆಂದು ವಿದ್ವಾಂಸರೊಬ್ಬರು ನಾಲ್ಕು ನಿಘಂಟುಗಳನ್ನು ಮುಂದಿಟ್ಟುಕೊಂಡು, ಕಷ್ಟಪಟ್ಟು ಹೊಸೆದ ಪದಗಳಿವು. ಅರ್ಥವಿಲ್ಲದ ಮಾತಾಡಲು ನಮ್ಮಲ್ಲಿ ಎಷ್ಟೋ ಜನ ಅಷ್ಟೆಲ್ಲ ಕಷ್ಟಪಡುವುದಿಲ್ಲ, ಆ ವಿಚಾರ ಬೇರೆ. ಇಂಥ ಪದಗಳೇ ನನ್ನನ್ನು ಒಂದು ಮದುವೆಯಿಂದ ಪಾರುಮಾಡಿದವು. ಒಂದು ಸುಳ್ಳಿಗೂ ಕಟ್ಟಿಹಾಕಿದವು. ಅದನ್ನು ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ?

ಐವತ್ತರ ದಶಕದ ಮಾತು. ನಾವಾಗ ಒಂಟಿಕೊಪ್ಪಲಿನಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕಡಕೊಳದ ಕಡೆಯ ಒಕ್ಕಲು ಮನೆತನದಿಂದ ಬಂದು ಮೈಸೂರಿನಲ್ಲಿ ಮೇಜು ಕುರ್ಚಿ ಕಂಡ ಮೊದಲಿಗರು. ಅವರ ಮಗಳು ನಾನು ಬಿ.ಎ.ಗೆ ಸೇರಿ, ಇರುವ ವಿಷಯಗಳನ್ನೆಲ್ಲ ಬಿಟ್ಟು ಮನಃಶಾಸ್ತ್ರ ತೆಗೆದುಕೊಂಡೆ. ಯಾಕೆ ಎಂದು ಕೇಳಬೇಡಿ. ಅರ್ಜಿ ತುಂಬುವ ದಿನ ಗೆಳತಿ ಸರೋಜ ಅದನ್ನೇ ಬರೆದಳು, ನಾನು ಅವಳ ಪಕ್ಕದಲ್ಲಿದ್ದೆ.

ನಾನು ಮನಸ್ಸು ಓದುತ್ತೇನೆ ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಬೇಗ ಹರಡಿತು. ಪಕ್ಕದ ಮನೆಯ ಪಂಕಜಮ್ಮ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನೇ ಬಿಟ್ಟರು. ಒಂದು ದಿನ ನಾನು ನೀರು ಸೇದುತ್ತಾ ಸುಮ್ಮನೆ ಅವರತ್ತ ನೋಡಿದೆ, ಅಷ್ಟೇ. ಸಂಜೆಯೊಳಗೆ, ಆರು ತಿಂಗಳಿಂದ ಕಾಣೆಯಾಗಿದ್ದ ನಮ್ಮ ಇಡ್ಲಿ ತಟ್ಟೆ ಕಾಂಪೌಂಡು ಗೋಡೆಯ ಮೇಲೆ ತೊಳೆದು ಬೆಳಗಿ ಕುಳಿತಿತ್ತು. ಮನಃಶಾಸ್ತ್ರದಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅದು.

ಆದರೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮನಸ್ಸು ಎಲ್ಲೂ ಕಾಣುತ್ತಿರಲಿಲ್ಲ. ಕಂಡದ್ದು ಒಂದು ಕನ್ನಡಿ, ಕಣ್ಣು ಕಟ್ಟಿಕೊಂಡು ಪೆನ್ಸಿಲ್ ಓಡಿಸುವ ಮರದ ಚಕ್ರವ್ಯೂಹ, ಮೂರು ಡಬ್ಬಿ ಗ್ರಾಫ್ ಹಾಳೆ, ಮತ್ತು ಇಡೀ ವಿಭಾಗಕ್ಕೆ ಒಂದೇ ಒಂದು ಸ್ಟಾಪ್‌ವಾಚು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ನಡೆಸಬೇಕು, ಎಷ್ಟು ಹೊತ್ತು, ಎಷ್ಟು ತಪ್ಪು ಎಂದು ಬರೆಯಬೇಕು. ಮನೆಯಲ್ಲಿ ಅಪ್ಪನಿಗೆ ಇದನ್ನು ಕೊಟ್ಟೆ. ಕಚೇರಿಯಲ್ಲಿ ಮುತ್ತಿನಂಥ ಅಕ್ಷರ ಎಂದು ಹೆಸರಾಗಿದ್ದ ಅಪ್ಪ, ನಕ್ಷತ್ರದ ಒಂದು ಮೂಲೆ ಹೊಕ್ಕವರು ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. ಕೊನೆಗೆ ಪೆನ್ಸಿಲ್ ಕೆಳಗಿಟ್ಟು, ಕನ್ನಡಿಯ ಪಾದರಸ ಹೋಗಿದೆ ಎಂದು ತೀರ್ಪು ಕೊಟ್ಟರು.

ಆ ಒಂದೇ ಒಂದು ಸ್ಟಾಪ್‌ವಾಚು ಇರುತ್ತಿದ್ದದ್ದು ನಮ್ಮ ಮೇಷ್ಟರ ಕೋಟಿನ ಒಳಜೇಬಿನಲ್ಲಿ. ಅವರನ್ನು ಎಲ್ಲರೂ ರಾಯರು ಎನ್ನುತ್ತಿದ್ದೆವು. ಬೆನ್ನ ಹಿಂದೆ ರೇಖೆ ರಾಯರು. ಜರಿ ಪೇಟ, ಮುಚ್ಚುಗೊರಳಿನ ಕೋಟು, ಬಲು ಮೃದು ಮಾತು. ಕಾಫಿ ಆರುವುದಕ್ಕೆ ಎಷ್ಟು ಹೊತ್ತು ಬೇಕು, ತಡವಾಗಿ ಬಂದ ಹುಡುಗಿ ಬಾಗಿಲಿಂದ ಬೆಂಚಿಗೆ ತಲುಪಲು ಎಷ್ಟು ಹೊತ್ತು ಬೇಕು, ಎಲ್ಲವನ್ನೂ ಅಳೆಯುತ್ತಿದ್ದರು. ಅವರಿಗೆ ಎರಡು ರೇಖೆಗಳ ಮೇಲೆ ಪ್ರಾಣ. ಕಲಿಕೆಯ ರೇಖೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮರೆವಿನ ರೇಖೆ ಮೊದಲು ದಡಕ್ಕನೆ ಬಿದ್ದು ಆಮೇಲೆ ನಿಧಾನವಾಗಿ ಇಳಿಯಬೇಕು. ಎರಡನ್ನೂ ಅವರು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸುವಾಗ ಅವರ ಮುಖದಲ್ಲಿ ಅಂಥ ಸಂತೋಷ ಇರುತ್ತಿತ್ತು, ಮರೆಯುವುದೂ ಒಂದು ಪುಣ್ಯದ ಕೆಲಸ ಎಂದು ನಮಗೆ ತೋರುತ್ತಿತ್ತು.

ಕೊನೆಯ ವರ್ಷ ಅರ್ಥವಿಲ್ಲದ ಪದಗಳ ಪ್ರಯೋಗ ಬಂತು. ಹನ್ನೆರಡು ಪದಗಳನ್ನು ಒಬ್ಬರಿಗೆ ಬಾಯಿಪಾಠ ಮಾಡಿಸಬೇಕು, ಒಂದು ಗಂಟೆ, ಒಂದು ದಿನ, ಒಂದು ವಾರ ಬಿಟ್ಟು ಎಷ್ಟು ಉಳಿದಿವೆ ಎಂದು ಕೇಳಬೇಕು. ಹಾಗೆ ಕೇಳಿಸಿಕೊಳ್ಳುವ ಬಡಪಾಯಿಗೆ ಸಬ್ಜೆಕ್ಟು ಎಂದು ಹೆಸರು. ಒಬ್ಬರಿಗೊಬ್ಬರು ಸಬ್ಜೆಕ್ಟಾಗಿ ನಮಗೆಲ್ಲ ಪಟ್ಟಿಗಳು ಉರುಹೊಡೆದು ಹೋಗಿದ್ದವು, ಹಾಗಾಗಿ ಮನೆಯಿಂದಲೇ ಒಬ್ಬೊಬ್ಬ ಸಬ್ಜೆಕ್ಟನ್ನು ಹಿಡಿದುಕೊಳ್ಳಿ ಎಂದರು ರಾಯರು. ನಾನು ನಿಂಗತ್ತೆಯನ್ನು ಹಿಡಿದೆ.

ನಿಂಗತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಬರುವಾಗ ತಂದದ್ದು ಎರಡು ಸೀರೆ ಮತ್ತು ಒಂದು ರಾಗಿಕಲ್ಲು. ಅಕ್ಷರ ಬಾರದು. ಆದರೆ ಯಾರ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿತು, ಯಾರ ಮದುವೆಯಲ್ಲಿ ಯಾವ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು, ಎಲ್ಲಾ ಅವಳ ನಾಲಿಗೆಯ ತುದಿಯಲ್ಲಿತ್ತು. ನೂರಾರು ಬೀಸುವ ಪದಗಳು ಬರುತ್ತಿದ್ದವು. ಬೀದಿಯವರು ತಿಥಿ ವಾರ ಕೇಳಲು ಪಂಚಾಂಗಕ್ಕಿಂತ ಮುಂಚೆ ಅವಳ ಹತ್ತಿರ ಬರುತ್ತಿದ್ದರು. ಅವಳ ಬಾಯಲ್ಲಿ ‘ಮರೆತೆ’ ಎಂಬ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಅದೊಂದು ಅವಳ ಜಂಬ.

ಇನ್ನೊಂದು ಜಂಬ ಆ ರಾಗಿಕಲ್ಲು. ಸುತ್ತಮುತ್ತ ಎಲ್ಲರೂ ಮಿಲ್ಲಿನಲ್ಲಿ ಹಿಟ್ಟು ಮಾಡಿಸುತ್ತಿದ್ದಾಗಲೂ ಅವಳು ಮುಂಜಾನೆ ಎದ್ದು ಕಲ್ಲಿನ ಮುಂದೆ ಕೂರುತ್ತಿದ್ದಳು. ಮಿಲ್ಲಿನ ಹಿಟ್ಟು ಬಿಸಿಯಾಗಿ ಸತ್ತಿರುತ್ತದೆ, ಸತ್ತ ಹಿಟ್ಟಿನ ಮುದ್ದೆ ಗಂಟಲಲ್ಲಿ ಅಳುತ್ತದೆ ಎಂಬುದು ಅವಳ ಸಿದ್ಧಾಂತ. ಈ ಸಿದ್ಧಾಂತ ನನ್ನ ಬಾಳಿಗೆ ತೊಡರಿಕೊಂಡದ್ದು ಹೇಗೆಂದರೆ, ಅಪ್ಪ ನನಗೆ ಗೊತ್ತುಮಾಡಿ ಇಟ್ಟುಕೊಂಡಿದ್ದ ಗಂಡು ಕಡಕೊಳದಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದ ಮನೆಯವನು. ಅಪ್ಪ ನ್ಯಾಯವಂತರು. ಬಿ.ಎ. ಪಾಸು ಮಾಡಿದರೆ ಎಂ.ಎ. ಓದು, ಡುಮ್ಕಿ ಹೊಡೆದರೆ ಮಿಲ್ಲು, ಎಂದು ಒಂದೇ ಉಸಿರಿಗೆ ಹೇಳಿದ್ದರು. ಗಂಡನ್ನು ನಾನು ಒಂದು ಸಲ ನೋಡಿದ್ದೆ. ರೆಪ್ಪೆಯ ಕೂದಲಿನವರೆಗೂ ಹಿಟ್ಟು ಕೂತಿತ್ತು. ಪಾಪ, ಒಳ್ಳೆಯವನೇ ಇದ್ದ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಎಂ.ಎ. ಬಿಟ್ಟು ಬೇರೇನೂ ಕಣ್ಣಿಗೆ ಕಾಣುತ್ತಿರಲಿಲ್ಲ.

ಪ್ರಯೋಗಕ್ಕೆಂದು ಅತ್ತೆಯನ್ನು ನಡುಮನೆಯ ಕುರ್ಚಿಯ ಮೇಲೆ ಕೂರಿಸಿದೆ. ಅತ್ತೆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು, ಎರಡೂ ಕೈಯಲ್ಲಿ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಝೇಮ್, ಠೂಪ್, ಗೀಭ್ ಎಂದು ಗಂಭೀರವಾಗಿ ಓದಿದೆ. ನಾಲ್ಕು ಸಲ ಓದಿದರೂ ಅವಳು ಹಿಂದಕ್ಕೆ ಹೇಳಿದ್ದು ಎರಡು. ಕೈ ಸುಮ್ಮನೆ ಕೂತರೆ ನಾಲಿಗೆ ಯಾಕೆ ಆಡುತ್ತದೆ ಎಂದು ಬೈದು ಎದ್ದುಹೋಗಿ, ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಒಂದು ಹಿಡಿ ರಾಗಿ ಹಾಕಿ, ಈಗ ಹೇಳು ಎಂದಳು. ಹೇಳಿದೆ. ಕಲ್ಲು ತಿರುಗಿತು. ಗಡುಸು ಅಕ್ಷರಗಳನ್ನೆಲ್ಲ ನುಣ್ಣಗೆ ಬೀಸಿ, ಜೇಮ ಟೂಪ ಗೀಬ ಲೋಡ ನನ್ನವ್ವ ಎಂದು ತಾಳಕ್ಕೆ ಕೂರಿಸಿದಳು. ಎರಡು ಸುತ್ತಿನಲ್ಲಿ ಹನ್ನೆರಡೂ ಬಂದವು.

ಒಂದು ಗಂಟೆ ಬಿಟ್ಟು ಕೇಳಿದೆ, ಹನ್ನೆರಡು. ಮಾರನೆಯ ದಿನ ಹನ್ನೆರಡು. ವಾರದ ಮೇಲೆ ಹನ್ನೆರಡು. ಅಷ್ಟು ಹೊತ್ತಿಗೆ ಗೋಡೆಯಾಚೆ ಪಂಕಜಮ್ಮನೂ ಅದೇ ಪದ ಹೇಳಿ ಮೊಮ್ಮಗುವನ್ನು ತೂಗುತ್ತಿದ್ದರು. ಗ್ರಾಫ್ ಹಾಳೆಯ ಮೇಲೆ ನನ್ನ ರೇಖೆ ರೈಲುಹಳಿಯ ಹಾಗೆ ನೆಟ್ಟಗೆ ಮಲಗಿತ್ತು. ನಾನು ಹೆಮ್ಮೆಯಿಂದಲೇ ರೆಕಾರ್ಡ್ ಬುಕ್ಕನ್ನು ರಾಯರ ಮುಂದಿಟ್ಟೆ.

ರಾಯರು ಪುಟವನ್ನು ತಿರುಗಿಸಿ, ಕನ್ನಡಕ ತೆಗೆದು ಒರೆಸಿ, ಇಳಿಜಾರು ಎಲ್ಲಿ ಎಂದು ಕೇಳಿದರು. ರಾಗಿಕಲ್ಲಿನ ಕಥೆ ಹೇಳಿದೆ. ದಿನಾ ಬೆಳಿಗ್ಗೆ ಹಾಡಿಕೊಂಡವರು ಮರೆಯುವುದು ಹೇಗೆ, ಇದು ಪ್ರಯೋಗವೇ ಅಲ್ಲ ಎಂದು ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು. ಅವರು ಹೇಳಿದ್ದು ಸರಿಯೇ ಇತ್ತು, ಅದೇ ನನಗೆ ಹೆಚ್ಚು ನೋವಾದದ್ದು. ಬರುವ ಸೋಮವಾರ ಸಬ್ಜೆಕ್ಟನ್ನು ಪ್ರಯೋಗಶಾಲೆಗೇ ಕರೆತರಬೇಕು, ಹೊಸ ಪಟ್ಟಿ, ಕುರ್ಚಿಯ ಮೇಲೆ, ತಮ್ಮ ಎದುರಿಗೆ, ಎರಡು ಗಂಟೆಯೊಳಗೆ ಮೂರು ಸಲ. ರೇಖೆ ಸರಿಯಾಗಿ ಬಂದರೆ ರುಜು. ರುಜು ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಪರೀಕ್ಷೆಗೆ ಕೂರದಿದ್ದರೆ ಏನು ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ನನ್ನ ರೆಪ್ಪೆಯ ಮೇಲೆ ಆಗಲೇ ಹಿಟ್ಟು ಕೂತಂತಾಗಿತ್ತು.

ಮನೆಗೆ ಬಂದು ರಾಗಿಕಲ್ಲಿನ ಪಕ್ಕ ಕೂತು ಅತ್ತುಬಿಟ್ಟೆ. ಅಳು ಯಾಕೆಂದು ನಿಂಗತ್ತೆ ಕೇಳಿದಳು. ಎಲ್ಲಾ ಹೇಳಿದೆ. ನೀನು ಮರೆಯಲಿಲ್ಲ ಅಂತ ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲವಂತೆ ಎಂದೆ. ಅತ್ತೆ ಕಲ್ಲಿನ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದಳು.

“ಏಸ್ ತಪ್ಪು ಬೇಕು, ಯೋಳು ಮಗ,” ಎಂದಳು ಆಮೇಲೆ. “ಮಾಡ್ಬುಡ್ತೀನಿ.”

ನಾನು ಬೇಡ ಎಂದೆ. ವಿಜ್ಞಾನದಲ್ಲಿ ಸುಳ್ಳು ಕೂಡದು ಎಂದೆ. ಎಷ್ಟು ಹೊತ್ತು ಹಾಗೆಂದೆ ಎಂಬುದನ್ನು ರಾಯರ ಸ್ಟಾಪ್‌ವಾಚಿನಲ್ಲಿ ಅಳೆದಿದ್ದರೆ ಹತ್ತು ಸೆಕೆಂಡು ಸಿಗುತ್ತಿತ್ತೋ ಇಲ್ಲವೋ. ಆಮೇಲೆ ನೆಲದ ಮೇಲೆ ರಾಗಿಹಿಟ್ಟು ಹರಡಿ ಬೆರಳಿನಲ್ಲಿ ಎರಡು ರೇಖೆ ಬರೆದೆ. ಕಲಿಯುವಾಗ ಮೂರು, ಐದು, ಎಂಟು, ಹತ್ತು, ಹನ್ನೆರಡು. ಮರೆಯುವಾಗ ಅರ್ಧ ಗಂಟೆಗೆ ಏಳು, ಒಂದು ಗಂಟೆಗೆ ಐದು, ಎರಡು ಗಂಟೆಗೆ ನಾಲ್ಕು. ಅತ್ತೆ ತಲೆ ಓರೆ ಮಾಡಿ ನೋಡಿ, ಇದು ಚಾಮುಂಡಿಬೆಟ್ಟ ಹತ್ತಿ ಇಳಿದ ಹಾಗಿದೆ, ಅಷ್ಟೇ ತಾನೇ ಎಂದಳು. ಪಾಪ, ಹನ್ನೆರಡು ಪದಗಳನ್ನು ನೆನಪಿಡಬೇಕು, ಯಾವಾಗ ಎಷ್ಟನ್ನು ಮರೆಯಬೇಕು ಎಂಬುದನ್ನೂ ನೆನಪಿಡಬೇಕು. ಮರೆಯುವುದಕ್ಕೆ ಅಷ್ಟು ಜ್ಞಾಪಕಶಕ್ತಿ ಬೇಕೆಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಸೋಮವಾರ ಟಾಂಗಾದಲ್ಲಿ ಹೋದೆವು. ಅತ್ತೆ ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದಳು. ರಾಯರು ಎದ್ದು ನಿಂತು ನಮಸ್ಕಾರ ಮಾಡಿ, ರೆಕಾರ್ಡಿಗೆಂದು ವಯಸ್ಸು ಕೇಳಿದರು. ಪ್ಲೇಗು ಬಂದು ಊರು ಬಿಟ್ಟ ವರ್ಷ ಹೊಲದ ಗುಡಿಸಲಲ್ಲಿ ಹುಟ್ಟಿದ್ದು, ನೀವೇ ಲೆಕ್ಕ ಹಾಕ್ಕೊಳಿ ಬುದ್ಧಿ ಎಂದಳು. ರಾಯರು ಅದನ್ನು ಹಾಗೆಯೇ ಬರೆದುಕೊಂಡರು.

ಪಟ್ಟಿ ಓದಿದ್ದು ರಾಯರೇ. ಅತ್ತೆ ಕುರ್ಚಿಯ ಮೇಲೆ ದೇವರಂತೆ ಕೂತಿದ್ದಳು. ಎಡಗೈ ಮೇಜಿನ ಮೇಲಿತ್ತು, ಬಲಗೈ ಸೆರಗಿನೊಳಗೆ. ಮೊದಲ ಓದಿಗೆ ಮೂರು ಹೇಳಿದಳು. ಆಮೇಲೆ ಐದು, ಎಂಟು. ಹತ್ತಕ್ಕೆ ಬಂದಾಗ ಹಣೆ ಒತ್ತಿಕೊಂಡು ಎಷ್ಟು ಒದ್ದಾಡಿದಳೆಂದರೆ ನನಗೇ ಕನಿಕರ ಬಂತು. ಹನ್ನೆರಡಾದ ಮೇಲೆ ಮರೆಯಲು ಬಿಟ್ಟ ಬಿಡುವಿನಲ್ಲಿ ರಾಯರಿಗೆ, ಹುಳ ಬೀಳದಂತೆ ರಾಗಿ ಕೂಡಿಡುವುದು ಹೇಗೆಂದು ಹೇಳಿಕೊಟ್ಟಳು. ಅರ್ಧ ಗಂಟೆಗೆ ಸರಿಯಾಗಿ ಏಳು. ಒಂದು ಗಂಟೆಗೆ ಐದು. ರಾಯರ ಪೆನ್ಸಿಲು ಗ್ರಾಫ್ ಹಾಳೆಯ ಮೇಲೆ ಇಳಿಯುತ್ತಾ ಇಳಿಯುತ್ತಾ ಅವರ ಮುಖ ಅರಳುತ್ತಿತ್ತು. ಎರಡು ಗಂಟೆಗೆ ನಾಲ್ಕು ಹೇಳಿದಳು. ಉಳಿದದ್ದು ಏನಮ್ಮಾ ಎಂದು ರಾಯರು ಕೇಳಿದಾಗ ಅತ್ತೆ ಎಡಗೈಯಿಂದ ಸೆರಗು ಸರಿಮಾಡಿಕೊಂಡಳು.

“ಮರ್ತೋಯ್ತು ಬುದ್ಧಿ,” ಎಂದಳು.

ವಯಸ್ಸಾದ ಮೇಲೆ ಹಾಗೆಯೇ, ಬೇಸರ ಮಾಡಿಕೊಳ್ಳಬೇಡಿ ಎಂದು ರಾಯರು ಸಮಾಧಾನ ಹೇಳಿದರು. ಇಷ್ಟು ಅಂದವಾದ ರೇಖೆ ತಾವು ನೋಡಿಯೇ ಇಲ್ಲವೆಂದು ಬೇರೆ ಹುಡುಗಿಯರನ್ನೂ ಕರೆದು ತೋರಿಸಿದರು. ರುಜು ಹಾಕಿದರು. ನಾನು ತಲೆ ತಗ್ಗಿಸಿಕೊಂಡು ರೆಕಾರ್ಡ್ ಬುಕ್ಕನ್ನು ಎದೆಗವಚಿಕೊಂಡೆ.

ಟಾಂಗಾ ಒಂಟಿಕೊಪ್ಪಲಿನ ಕಡೆ ಹೊರಟಿತು. ಬಹಳ ದೂರ ಹೋದಮೇಲೆ ಅತ್ತೆ, ಹೊಸ ಪಟ್ಟಿಯ ಹನ್ನೆರಡನ್ನೂ ಕುದುರೆಯ ಹೆಜ್ಜೆಗೆ ತಾಳ ಹಾಕಿ ಒಂದೂ ತಪ್ಪದೆ ಹೇಳಿ ಮುಗಿಸಿದಳು. “ಹುಟ್ಟಿದ್ಮೇಲೆ ಮರ್ತೋಯ್ತು ಅಂದಿರ್ನಿಲ್ಲ ಕಣವ್ವ,” ಎಂದಳು. “ಅದೂ ಒಬ್ಬ ಮೇಷ್ಟ್ರ ಮುಂದೆ. ನಾಲ್ಗೆಯೆಲ್ಲ ಕಹಿ ಕಹಿ.” ನನ್ನ ಎಂ.ಎ. ಆಸೆಗೆ ಅವಳು ತನ್ನ ಎರಡು ಜಂಬಗಳಲ್ಲಿ ಒಂದನ್ನು ಕೊಟ್ಟಿದ್ದಳು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿ, ಏನಾದರಾಗಲಿ, ಸತ್ತ ಹಿಟ್ಟು ತಿನ್ನುವ ಮನೆಗೆ ಹೆಣ್ಣು ಕೊಡುವುದು ತಪ್ಪಿತಲ್ಲ ಎಂದು ಎಲೆಅಡಿಕೆ ಚೀಲ ಬಿಚ್ಚಿದಳು.

ನಾನು ಪಾಸಾದೆ. ಎಂ.ಎ. ಆಯಿತು, ಕೆಲಸವೂ ಸಿಕ್ಕಿತು. ಮಿಲ್ಲಿಲ್ಲದ ಮನೆಗೆ ಮದುವೆಯಾಗಿ ಸರಸ್ವತಿಪುರದಲ್ಲಿ ಸಂಸಾರ ಹೂಡಿದೆ. ಪ್ರತಿ ವರ್ಷ ಹುಡುಗಿಯರಿಗೆ ಮರೆವಿನ ರೇಖೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ, ಏಳು, ಐದು, ನಾಲ್ಕು ಎಂದು ಬರೆದು ತಿರುಗಿ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಆದರೆ ಆ ದಿನ ಸುಳ್ಳಿನ ರುಚಿ ಕಂಡದ್ದು ನಾನೊಬ್ಬಳೇ ಅಲ್ಲ. ಕಹಿ ಎಂದಿದ್ದ ಮಾತನ್ನೇ ಅತ್ತೆ ಆಗಾಗ ಬಳಸತೊಡಗಿದಳು. ಬೇಡದ ನೆಂಟರು ಮನೆಗೆ ಕರೆದರೆ, ಹೋಗುವುದು ಮರೆತುಹೋಯಿತು. ಕಡಕೊಳದ ಮಿಲ್ಲಿನ ಮನೆಯಲ್ಲಿ ಮದುವೆ ಎಂದು ಲಗ್ನಪತ್ರಿಕೆ ಬಂದರೆ, ಅದನ್ನು ಇಟ್ಟ ಜಾಗ ಮರೆತುಹೋಯಿತು. ಅಷ್ಟಾದರೂ ಸರಿ. ನಾನು ಭಾನುವಾರ ಭಾನುವಾರ ಒಂಟಿಕೊಪ್ಪಲಿಗೆ ಹೋಗಿ ಅವಳನ್ನು ನೋಡಿ ಬರುತ್ತಿದ್ದೆ. ಮಕ್ಕಳು, ಉತ್ತರಪತ್ರಿಕೆ ಎಂದು ಭಾನುವಾರಗಳು ತಪ್ಪತೊಡಗಿದವು. ಮೂರು ವಾರ ಬಿಟ್ಟು ಹೋದ ಒಂದು ದಿನ ಜಗುಲಿಯ ಮೇಲೆ ಕೂತಿದ್ದವಳು ನನ್ನ ಮುಖವನ್ನೇ ದಿಟ್ಟಿಸಿ, ಯಾರವ್ವ ನೀನು ಎಂದಳು.

ನಾನು ಒಳಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪನೂ, ವಯಸ್ಸಾಯಿತಲ್ಲ, ಮರೆವು ಎಂದರು. ಅಂದು ಆಡಿದ ಸುಳ್ಳು ಈಗ ನಿಜವಾಗಿ ಬಂದು ಅವಳನ್ನು ಹಿಡಿದುಕೊಂಡಿತು, ಅದನ್ನು ಟಾಂಗಾ ಹತ್ತಿಸಿ ಕರೆತಂದವಳು ನಾನೇ ಎಂದು ರಾತ್ರಿಯೆಲ್ಲ ಅನ್ನಿಸಿತು. ಮನಃಶಾಸ್ತ್ರದ ಉಪಾಧ್ಯಾಯಿನಿ ಹೀಗೆಲ್ಲ ಶಾಪ ಪಾಪ ನಂಬಬಾರದು. ನಂಬಿದೆ. ಅವಳ ಆ ಪ್ರಶ್ನೆಗೆ ಹೆದರಿ ಇನ್ನಷ್ಟು ಭಾನುವಾರ ತಪ್ಪಿಸಿದೆ.

ಅದೇ ವರ್ಷ ರಾಯರಿಗೆ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ಹಾರ, ಹಣ್ಣು, ಭಾಷಣ ಎಲ್ಲ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು, ಹತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ರಾಯರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ನನಗೆ ಗೊತ್ತಿತ್ತಮ್ಮ,” ಎಂದರು. “ಅವರ ಬಲಗೈ ಸೆರಗಿನೊಳಗೆ ಕಲ್ಲು ತಿರುಗಿಸ್ತಾನೇ ಇತ್ತು. ಮರೆತೆ ಅಂದಾಗಲೂ ನಿಲ್ಲಲಿಲ್ಲ. ನಿಜವಾಗಿ ಮರೆತವರ ಕೈ ನಿಂತುಹೋಗುತ್ತೆ.”

ಹಾಗಾದರೆ ರುಜು ಯಾಕೆ ಹಾಕಿದಿರಿ ಎಂದು ಕೇಳಿದೆ. ರಾಯರು ನಾಚಿಕೊಂಡರು. ಅಷ್ಟು ವರ್ಷ ಹಲಗೆಯ ಮೇಲೆ ಬರೆದ ರೇಖೆ ಒಬ್ಬರಿಂದ ಅಷ್ಟು ಸರಿಯಾಗಿ ಬಂದದ್ದು ಅದೊಂದೇ ಸಲ, ಅಳಿಸಲು ಮನಸ್ಸು ಬರಲಿಲ್ಲ ಎಂದರು.

ನಾನು ಮನೆಗೆ ಹೋಗಲಿಲ್ಲ. ನೆಟ್ಟಗೆ ಒಂಟಿಕೊಪ್ಪಲಿಗೆ ಹೋದೆ. ಅತ್ತೆ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನನ್ನನ್ನು ನೋಡಿದವಳೇ ಕಣ್ಣು ಕಿರಿದು ಮಾಡಿ, “ಯಾರವ್ವ ನೀನು?” ಎಂದಳು.

ನಾನು ಮುಖ ನೋಡಲಿಲ್ಲ. ಪಕ್ಕದಲ್ಲಿ ಕೂತು ಅವಳ ಸೆರಗನ್ನು ಮೆಲ್ಲಗೆ ಸರಿಸಿದೆ. ಒಳಗೆ ಬಲಗೈ, ಇಲ್ಲದ ಗೂಟವನ್ನು ಹಿಡಿದು, ನಿಧಾನವಾಗಿ ಸುತ್ತು ಹೊಡೆಯುತ್ತಿತ್ತು.

ಸಿಕ್ಕಿಬಿದ್ದದ್ದಕ್ಕೆ ಅತ್ತೆಗೆ ನಾಚಿಕೆಯೇನೂ ಆಗಲಿಲ್ಲ. ಕೈ ನಿಲ್ಲಿಸದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮೂರು ವಾರ ಆಯ್ತು ನೀ ಬಂದು,” ಎಂದಳು. “ಮಕ ಬುಟ್ಟು ಕೈ ನೋಡೋದ ಕಲಿಯಕ್ಕೆ ನಿಂಗೆ ಹತ್ತು ವರ್ಸ ಆಯ್ತು. ಅದ್ನೂವೆ ಬರ್ಕೊ.”